ಹೆಣ್ಣುಮಕ್ಕಳೂ ಗಣಿತಾಭ್ಯಾಸವೂ

ಪ್ರತಿವರ್ಷ ಜೂನ್ ತಿಂಗಳಲ್ಲಿ ಶಾಲೆಗಳು ತೆರೆಯುವ ಹೊತ್ತಿಗೆ ಪಾಲಕರು ಶಿಕ್ಷಕಿಯರಾದ ನಮ್ಮನ್ನು ಕಾಣಲು ಬರುವದುಂಟು. ಬೆಳಗಾವಿಯ ಪೇಟೆಯವರು ತಮ್ಮ ಕೆಲಸ ಮುಗಿಸಿಕೊಂಡು ಸಂಜೆಗೆ ಬರುವರು. ಖಾನಾಪುರದ ಕಡೆಯವರು ಮುಂಜಾನೆಯ ಗಾಡಿಗೆ ಹೊರಟು, ಮಳೆಯಲ್ಲಿ ತೊಯ್ದ ಕೊಡೆಯನ್ನು ಬಾಗಿಲ ಹೊರಗಿಟ್ಟು ಒಳಗೆ ಬಂದು ಕುಳಿತುಕೊಳ್ಳುವರು. ಅವರು ಕೇಳುವ ಪ್ರಶ್ನೆಗಳಲ್ಲಿ ಹಲವು ಕಾಲಕ್ಕೆ ತಕ್ಕಂತೆ ಬದಲಾಗಿವೆ. ಒಂದು ಮಾತ್ರ ಬದಲಾಗಿಲ್ಲ. "ಅಕ್ಕಾರ, ಇಕೀಗೆ ಉಳದದ್ದೆಲ್ಲಾ ಛಲೋ ಬರತೈತ್ರಿ, ಲೆಕ್ಕ ಒಂದ ಬರೂದಿಲ್ಲ. ಹೆಣ್ಣ ಹುಡುಗಿಗೆ ಅದ್ಯಾಕ ಬೇಕ್ರಿ?" ಎಂದು ತಾಯಿಯು ಕೇಳುವಳು. ಪಕ್ಕದಲ್ಲಿ ನಿಂತ ಹುಡುಗಿಯು ನೆಲವನ್ನು ನೋಡುತ್ತಿರುವಳು.

ಈ ಪ್ರಶ್ನೆಯು ಕೇವಲ ಕುತೂಹಲದ್ದಲ್ಲವೆಂಬುದನ್ನು ನಾವು ಬಲ್ಲೆವು. ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ಗಣಿತವೊಂದರಲ್ಲಿ ನಾಪಾಸಾದ ಹುಡುಗನಿಗೆ ಮನೆಯವರು ಇನ್ನೊಮ್ಮೆ ಕಟ್ಟಲು ಹೇಳುತ್ತಾರೆ. ಅದೇ ಹುಡುಗಿಯಾದರೆ, ವಿಶೇಷವಾಗಿ ಹಳ್ಳಿಯವಳಾದರೆ, 'ಇವಳಿಗೆ ವಿದ್ಯೆ ತಲೆಗೆ ಹತ್ತುವದಿಲ್ಲ' ಎಂಬ ತೀರ್ಪು ಅದೇ ದಿನ ಹೊರಬೀಳುವದು; ವರನನ್ನು ನೋಡುವ ಮಾತು ಅದೇ ವಾರ ಏಳುವದು. ಆದುದರಿಂದ ಹೆಣ್ಣುಮಕ್ಕಳಿಗೆ ಗಣಿತವು ಏಕೆ ಬೇಕೆಂಬ ಪ್ರಶ್ನೆಗೆ ಸರಿಯಾದ ಉತ್ತರವನ್ನು ಕೊಡುವದು ನಮ್ಮ ಕರ್ತವ್ಯವಾಗಿದೆ. 'ಬುದ್ಧಿಯು ಚುರುಕಾಗುವದು' ಎಂದು ಹೇಳಿ ಕಳಿಸಿದರೆ ಆ ತಾಯಿಗೆ ಸಮಾಧಾನವಾಗದು, ಆಗಬೇಕಾಗಿಯೂ ಇಲ್ಲ.

ಮೊದಲು ಲೆಕ್ಕಕ್ಕೂ ಗಣಿತಕ್ಕೂ ಇರುವ ಭೇದವನ್ನು ತಿಳಿಯಬೇಕು. ನಮ್ಮ ವಾಚಕರಲ್ಲಿ ವಯಸ್ಸಾದವರು ಮುಲ್ಕಿ ಪರೀಕ್ಷೆಗೆ ಓದಿದ ದಿನಗಳಲ್ಲಿ ಕಾಲು, ಅರೆ, ಮುಕ್ಕಾಲುಗಳ ಮಗ್ಗಿಯನ್ನು ಸಾಯಂಕಾಲ ದೀಪ ಹಚ್ಚಿದ ಮೇಲೆ ಗಟ್ಟಿಯಾಗಿ ಹೇಳಿದವರು. ರೂಪಾಯಿಗೆ 16 ಆಣೆ, ಆಣೆಗೆ 12 ಪೈ, ಹೀಗೆ ರೂಪಾಯಿಗೆ 192 ಪೈಗಳಾಗಿ, ಆ ಪೈಗಳನ್ನು ಆಣೆಗೆ, ಆಣೆಗಳನ್ನು ರೂಪಾಯಿಗೆ ಏರಿಸುವದರಲ್ಲಿಯೇ ಅವರ ಬಾಲ್ಯದ ಎಷ್ಟೋ ಗಂಟೆಗಳು ಕಳೆದವು. 1957ನೆಯ ಇಸವಿಯ ಏಪ್ರಿಲ್ 1ರಂದು ರೂಪಾಯಿಗೆ ನೂರು ಹೊಸ ಪೈಸೆಗಳೆಂದು ನಿಶ್ಚಯವಾಯಿತು. ಮರುವರ್ಷದಿಂದ ಸೇರು ಮಣಗಳು ಹೋಗಿ ಕಿಲೋಗ್ರಾಮು ಬರತೊಡಗಿತು. ಅಷ್ಟು ಕಷ್ಟದಿಂದ ಗಳಿಸಿದ ವಿದ್ಯೆಯ ದೊಡ್ಡ ಭಾಗವೊಂದು ಕೆಲವೇ ವರ್ಷಗಳಲ್ಲಿ ನಿರುಪಯೋಗಿಯಾಯಿತು. ಈಗ ಕೂಡುವ ಕಳೆಯುವ ಕೆಲಸವನ್ನು ಕೈಯಲ್ಲಿಯ ಫೋನೇ ಮಾಡುವದು. ಬೆಂಗಳೂರಿನಲ್ಲಿ 1929ರಲ್ಲಿ ಹುಟ್ಟಿದ ಶಕುಂತಲಾದೇವಿಯವರು 1980ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹದಿಮೂರು ಅಂಕೆಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡುಗಳಲ್ಲಿ ಮನಸ್ಸಿನಲ್ಲಿಯೇ ಗುಣಿಸಿ ಜಗತ್ತನ್ನು ಬೆರಗುಗೊಳಿಸಿದರು. ಆ ಶಕ್ತಿಯು ದೈವದತ್ತವಾದುದು; ಅದನ್ನು ಕಂಡು ಸಂತೋಷಪಡಬೇಕು. ಆದರೆ ಅದು ತಮಗಿಲ್ಲವೆಂದು ಸಾವಿರಾರು ಹುಡುಗಿಯರು ಗಣಿತವೇ ತಮ್ಮದಲ್ಲವೆಂದು ಭಾವಿಸಿಕೊಂಡರೆ ಅದು ಶುದ್ಧ ಭ್ರಮೆಯು. ಬೇಗನೆ ಗುಣಿಸುವದು ಒಂದು ಸಾಮರ್ಥ್ಯ. ಏನನ್ನು, ಏತಕ್ಕೆ, ಯಾವುದರಿಂದ ಗುಣಿಸಬೇಕೆಂದು ಕಂಡುಕೊಳ್ಳುವದು ಬೇರೊಂದು ಸಾಮರ್ಥ್ಯ. ಮಾಧ್ಯಮಿಕ ಶಾಲೆಯಲ್ಲಿ ನಾವು ಕಲಿಸಬೇಕಾದದ್ದು ಎರಡನೆಯದನ್ನು.

ಈ ಮಾತನ್ನು ಒಂದು ಉದಾಹರಣೆಯಿಂದ ವಿಶದಪಡಿಸುವೆವು. ಉದಾಹರಣೆಯು ತುಸು ದೀರ್ಘವಾದರೂ ವಾಚಕರು ಪೆನ್ಸಿಲು ಹಿಡಿದು ನಮ್ಮೊಂದಿಗೆ ಬರಬೇಕಾಗಿ ವಿನಂತಿ.

ಈಗ ಊರೂರಲ್ಲಿಯೂ ಹೆಣ್ಣುಮಕ್ಕಳ ಸ್ವಸಹಾಯ ಸಂಘಗಳಿವೆ. ಕರ್ನಾಟಕದಲ್ಲಿ ಸ್ತ್ರೀಶಕ್ತಿ ಯೋಜನೆಯು 2000-01ರಲ್ಲಿ ಆರಂಭವಾದಂದಿನಿಂದ ಸಾಲವನ್ನು ಪಡೆಯುವವರೂ ತೀರಿಸುವವರೂ ಮನೆಯ ಹೆಣ್ಣುಮಕ್ಕಳೇ ಆಗಿದ್ದಾರೆ. ಇವುಗಳ ಹೊರಗೆ ಕಿರುಸಾಲವನ್ನು ಕೊಡುವ ಖಾಸಗಿ ಮಂದಿಯೂ ಬಹಳ. ಒಬ್ಬ ಹೆಣ್ಣುಮಗಳು ಹೊಲಿಗೆಯಂತ್ರಕ್ಕಾಗಿ ಹನ್ನೆರಡು ತಿಂಗಳ ಅವಧಿಗೆ 24,000 ರೂಪಾಯಿ ಸಾಲ ಕೇಳಿದಳೆನ್ನೋಣ. ಇಬ್ಬರು ಸಾಲ ಕೊಡಲು ಮುಂದೆ ಬಂದರು. ಇಬ್ಬರೂ ಹೇಳುವದು ಒಂದೇ ಮಾತು: ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ಬಡ್ಡಿ. ಕಿವಿಗೆ ಎರಡೂ ಸಮಾನವೇ.

ಮೊದಲನೆಯವನ ಲೆಕ್ಕ ಹೀಗೆ: 24,000ಕ್ಕೆ ವರ್ಷಕ್ಕೆ ಶೇಕಡಾ 12ರಂತೆ ಬಡ್ಡಿ 2,880. ಅಸಲು ಬಡ್ಡಿ ಕೂಡಿ 26,880. ಇದನ್ನು 12ರಿಂದ ಭಾಗಿಸಿದರೆ ತಿಂಗಳಿಗೆ 2,240 ರೂಪಾಯಿಯ ಕಂತು. ಕಾಗದವು ಸ್ವಚ್ಛವಾಗಿದೆ, ಫೋನಿನಲ್ಲಿ ತಾಳೆ ನೋಡಿದರೂ ಒಂದು ಪೈಸೆ ತಪ್ಪಿಲ್ಲ.

ಎರಡನೆಯವನು ತಿಂಗಳಿಗೆ 2,000ದಂತೆ ಅಸಲನ್ನು ತೀರಿಸಿ, ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ ಕೊಡಲು ಹೇಳುತ್ತಾನೆ. ಮೊದಲ ತಿಂಗಳು 24,000ಕ್ಕೆ ಬಡ್ಡಿ 240, ಎರಡನೆಯ ತಿಂಗಳು 22,000ಕ್ಕೆ 220, ಮೂರನೆಯದಕ್ಕೆ 200, ಹೀಗೆ ಇಳಿಯುತ್ತ ಕೊನೆಯ ತಿಂಗಳಿಗೆ 20 ರೂಪಾಯಿ. ಒಟ್ಟು ಬಡ್ಡಿ ಎಷ್ಟಾಯಿತು? 20, 40, 60 ಎಂದು 240ರ ವರೆಗಿನ ಹನ್ನೆರಡು ಸಂಖ್ಯೆಗಳ ಮೊತ್ತ. ಇದೇ ಹತ್ತನೆಯ ತರಗತಿಯ 'ಸಮಾಂತರ ಶ್ರೇಢಿ'. ಹುಡುಗಿಯರು 'ಇದರಿಂದೇನು ಉಪಯೋಗ?' ಎಂದು ಮೂಗು ಮುರಿಯುವ ಅದೇ ಪಾಠ. ಒಂದರಿಂದ ಹನ್ನೆರಡರ ವರೆಗಿನ ಮೊತ್ತವು 12ನ್ನು 13ರಿಂದ ಗುಣಿಸಿ ಅರ್ಧ ಮಾಡಿದಷ್ಟು, ಅಂದರೆ 78. ಅದನ್ನು 20ರಿಂದ ಗುಣಿಸಿದರೆ 1,560.

ಒಬ್ಬನಿಗೆ 2,880, ಇನ್ನೊಬ್ಬನಿಗೆ 1,560. ಅಂತರವು 1,320 ರೂಪಾಯಿ. ಬಾಯಲ್ಲಿ ಹೇಳಿದ ದರ ಒಂದೇ ಇದ್ದರೂ ಹೀಗೇಕಾಯಿತು? ಮೊದಲನೆಯವನು, ಆಕೆಯು ತಿಂಗಳ ತಿಂಗಳ ತೀರಿಸಿಬಿಟ್ಟ ಹಣಕ್ಕೂ ವರ್ಷದ ಕೊನೆಯ ವರೆಗೆ ಬಡ್ಡಿಯನ್ನು ತೆಗೆದುಕೊಂಡನು. ಕೊನೆಯ ತಿಂಗಳಲ್ಲಿ ಆಕೆಯ ಕೈಯಲ್ಲಿ ಅವನ ಅಸಲು ಉಳಿದಿರುವದು 2,000 ಮಾತ್ರ. ಬಡ್ಡಿಯು ಇಪ್ಪತ್ನಾಲ್ಕು ಸಾವಿರದ್ದು. ನಿಜವಾಗಿ ನೋಡಿದರೆ ಅವನ ದರವು ವರ್ಷಕ್ಕೆ ಶೇಕಡಾ 12 ಅಲ್ಲ, ಸುಮಾರು 22. ಫೋನು ಇದನ್ನು ಹೇಳಲಿಲ್ಲ. ಏಕೆಂದರೆ ಫೋನನ್ನು ಯಾರೂ ಕೇಳಲಿಲ್ಲ. ಕೇಳಬೇಕೆಂಬ ಸಂಶಯವು ಹುಟ್ಟಬೇಕಾದದ್ದು ಮನುಷ್ಯನ ಮನಸ್ಸಿನಲ್ಲಿ. 'ಈ ಬಡ್ಡಿಯು ಯಾವ ಮೊತ್ತದ ಮೇಲಿನದು?' ಎಂಬ ಒಂದು ಪ್ರಶ್ನೆಯ ಬೆಲೆ ಇಲ್ಲಿ 1,320 ರೂಪಾಯಿ. ಅದು ಆ ಹೆಣ್ಣುಮಗಳ ಎಷ್ಟೋ ದಿನಗಳ ಹೊಲಿಗೆಯ ಕೂಲಿ.

ಕಿರುಸಾಲದ ವಸೂಲಿಯಲ್ಲಿ ನಡೆಯುವ ಬಲಾತ್ಕಾರವನ್ನು ತಡೆಯಲು ಕರ್ನಾಟಕ ಸರಕಾರವು 2025ರಲ್ಲಿ ಕಾನೂನನ್ನೇ ತರಬೇಕಾಯಿತು. ಕಾನೂನು ಬೇಕು, ಸಂದೇಹವಿಲ್ಲ. ಆದರೆ ಕಾನೂನು ಸಾಲಗಾರನು ಬಾಗಿಲಿಗೆ ಬಂದ ಮೇಲಿನ ಮಾತಾಯಿತು. ಸಮಾಂತರ ಶ್ರೇಢಿಯು ಸಹಿ ಮಾಡುವ ಮೊದಲಿನದು. ಗೋಪುರ ಕಟ್ಟಬೇಕೆಂಬವನು ಮೊದಲು ಕುಳಿತು ಖರ್ಚನ್ನು ಎಣಿಸುವನೆಂಬ ದೃಷ್ಟಾಂತವು ಇಲ್ಲಿಯ ವಾಚಕರಿಗೆ ಪರಿಚಿತವೇ. ಎಣಿಸಲು ಕುಳಿತವಳಿಗೆ ಎಣಿಸುವ ರೀತಿಯೂ ಗೊತ್ತಿರಬೇಕಷ್ಟೆ.

ಸಾಲದ ಮಾತಾಯಿತು, ಇನ್ನು ಆಸ್ತಿಯ ಮಾತು. ನಮ್ಮ ಕಡೆಯ ಹೊಲಗಳನ್ನು ಉತಾರೆಯಲ್ಲಿ ಎಕರೆ ಗುಂಟೆಗಳಲ್ಲಿ ಬರೆದಿರುತ್ತಾರೆ. 33 ಅಡಿ ಉದ್ದ, 33 ಅಡಿ ಅಗಲದ ನೆಲಕ್ಕೆ ಒಂದು ಗುಂಟೆ. 40 ಗುಂಟೆಗಳಿಗೆ ಒಂದು ಎಕರೆ. ಒಂದು ಗುಂಟೆಗೆ 1,089 ಚದರಡಿ, ಎಕರೆಗೆ 43,560 ಚದರಡಿ. ಕಿಲೋಗ್ರಾಮು ಮೀಟರುಗಳು ಬಂದರೂ ಗುಂಟೆಯು ಉಳಿದುಕೊಂಡಿದೆ. ನೆಲವನ್ನಳೆಯುವ ವಿದ್ಯೆಯಾದರೂ ಈ ಪ್ರಾಂತಕ್ಕೆ ಹೊಸದಲ್ಲ. ಖಾನಾಪುರ ತಾಲೂಕಿನ ಹಲಸಿಯು ಕದಂಬರ ಕಾಲದಲ್ಲಿ ಪಲಾಶಿಕೆಯೆನ್ನಿಸಿಕೊಂಡ ಪಟ್ಟಣ. ಅಲ್ಲಿ ದೊರೆತ ತಾಮ್ರಪಟಗಳಲ್ಲಿ ಐದನೆಯ ಶತಮಾನದ ಮೃಗೇಶವರ್ಮನು ಜಿನಾಲಯಕ್ಕೆ ಬಿಟ್ಟ ಭೂಮಿಯ ದಾನವಿದೆ. ಆ ಭೂಮಿಯು ಇಷ್ಟೇ ಎಂದು, 33 ನಿವರ್ತನಗಳೆಂದು, ಎಣಿಸಿ ಬರೆದಿದೆ. ಅರಸನ ದಾನವೂ ಅಳತೆಯಿಲ್ಲದೆ ನಿಲ್ಲಲಾರದೆಂಬುದು ಅಂದಿನವರಿಗೆ ತಿಳಿದಿತ್ತು.

ಈಗ ಒಂದು ಕ್ರೈಸ್ತ ಕುಟುಂಬದಲ್ಲಿ ತಂದೆಯು ಮರಣಪತ್ರವನ್ನು ಬರೆಯದೆ ತೀರಿಕೊಂಡನು. ಹೆಂಡತಿಯೂ ಮೂವರು ಮಕ್ಕಳೂ ಉಳಿದರು. ಹೊಲವು 4 ಎಕರೆ 20 ಗುಂಟೆ. 1925ರ ಭಾರತೀಯ ಉತ್ತರಾಧಿಕಾರ ಕಾಯದೆಯ ಪ್ರಕಾರ ವಿಧವೆಗೆ ಮೂರನೆಯ ಒಂದು ಪಾಲು. ಮಿಕ್ಕ ಎರಡು ಪಾಲು ಮಕ್ಕಳಿಗೆ, ಗಂಡು ಹೆಣ್ಣೆಂಬ ಭೇದವಿಲ್ಲದೆ ಸಮನಾಗಿ. ಒಟ್ಟು 180 ಗುಂಟೆ. ತಾಯಿಗೆ 60, ಅಂದರೆ ಒಂದೂವರೆ ಎಕರೆ. ಉಳಿದ 120 ಗುಂಟೆ ಮೂವರಿಗೆ ತಲಾ 40. ಒಬ್ಬೊಬ್ಬರಿಗೆ ಒಂದು ಎಕರೆ. ಮುಸಲ್ಮಾನ ಕುಟುಂಬದಲ್ಲಿ ವಿಧವೆ, ಒಬ್ಬ ಮಗ, ಒಬ್ಬ ಮಗಳು ಇದ್ದರೆ ವಿಧವೆಗೆ ಎಂಟನೆಯ ಒಂದು ಪಾಲು, ಉಳಿದುದರಲ್ಲಿ ಮಗನಿಗೆ ಮಗಳ ಎರಡರಷ್ಟು. ಆಸ್ತಿಯನ್ನು 24 ಭಾಗ ಮಾಡಿದರೆ 3, 14, 7 ಎಂದು ಒಡೆಯುವದು. ಇಪ್ಪತ್ನಾಲ್ಕೇ ಏಕೆಂಬುದಕ್ಕೆ ಲ.ಸಾ.ಅ. ತೆಗೆಯಲು ಬರಬೇಕು. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕೆಂದು ಕರ್ನಾಟಕವು 1994ರಲ್ಲಿಯೂ ಕೇಂದ್ರ ಸರಕಾರವು 2005ರಲ್ಲಿಯೂ ಶಾಸನ ಮಾಡಿದವು. ಹಕ್ಕು ಕಾಗದದಲ್ಲಿ ಬಂದಿತು. ಆದರೆ ಅಣ್ಣತಮ್ಮಂದಿರು ಮುಂದಿಟ್ಟ ವಾಟಣಿಪತ್ರದಲ್ಲಿ ತನ್ನ ಪಾಲು ಎಷ್ಟಿರಬೇಕಾಗಿತ್ತು, ಎಷ್ಟಿದೆ ಎಂದು ಓದಿಕೊಳ್ಳಲಾರದವಳಿಗೆ ಆ ಹಕ್ಕಿನಿಂದ ಏನು ಬಂದಂತಾಯಿತು? ಇದು ಜಗಳಕ್ಕೆ ಪ್ರೇರಣೆಯೆಂದು ಯಾರೂ ತಿಳಿಯಬಾರದು. ತಿಳಿದು ಬಿಟ್ಟುಕೊಡುವದು ಔದಾರ್ಯ. ತಿಳಿಯದೆ ಕಳೆದುಕೊಳ್ಳುವದು ಔದಾರ್ಯವಲ್ಲ. ಬೀಜಗಣಿತಕ್ಕೆ ಯುರೋಪದಲ್ಲಿ ಇಂದಿಗೂ ಇರುವ ಹೆಸರು ಬಗದಾದಿನ ಅಲ್-ಖ್ವಾರಿಜ್ಮಿಯು ಒಂಬತ್ತನೆಯ ಶತಮಾನದ ಆರಂಭದಲ್ಲಿ ಬರೆದ ಗ್ರಂಥದಿಂದ ಬಂದದ್ದು. ಆ ಗ್ರಂಥದ ಸುಮಾರು ಅರ್ಧಭಾಗವು ಇಂಥ ಆಸ್ತಿಹಂಚಿಕೆಯ ಲೆಕ್ಕಗಳೇ ಆಗಿವೆ.

ಭೂಮಿತಿಯ ವಿಷಯದಲ್ಲಿ ಸಂಕ್ಷೇಪವಾಗಿ ಹೇಳುವೆವು. ಮಲಪ್ರಭೆಯು ಹುಟ್ಟುವ ಕಣಕುಂಬಿಯ ಸೀಮೆಯಲ್ಲಿ ಮಳೆಯ ರಭಸವನ್ನು ಕಂಡವರಿಗೆ, ಅಲ್ಲಿಯ ಮನೆಗಳ ಹಂಚಿನ ಛಾವಣಿ ಏಕೆ ಅಷ್ಟು ಕಡಿದಾಗಿ ಇಳಿದಿದೆಯೆಂದು ಹೇಳಬೇಕಾಗಿಲ್ಲ. ಖಾನಾಪುರದ ಮಣ್ಣು ಹಂಚಿಗೂ ಕುಂಬಾರಿಕೆಗೂ ಹೆಸರಾದದ್ದು. ಒಂದು ಮನೆಯ ಅಗಲ 24 ಅಡಿ, ಉದ್ದ 30 ಅಡಿ. ಛಾವಣಿಯ ನೆತ್ತಿಯು ಗೋಡೆಗಿಂತ 9 ಅಡಿ ಎತ್ತರ. ಹಂಚು ಎಷ್ಟು ಬೇಕು? ನೆಲವನ್ನಳೆದು 720 ಚದರಡಿಗೆ ಹಂಚು ತರಿಸಿದವನು ಮಳೆಗಾಲದ ಬಾಯಲ್ಲಿ ಕೈ ಹಿಸುಕಿಕೊಳ್ಳುವನು. ಅರ್ಧ ಅಗಲ 12, ಎತ್ತರ 9, ಇವುಗಳ ವರ್ಗಗಳು 144, 81, ಕೂಡಿದರೆ 225, ಅದರ ವರ್ಗಮೂಲ 15. ಇಳಿಜಾರಿನ ಒಂದೊಂದು ಮಗ್ಗುಲೂ 15 ಅಡಿ, ಎರಡು ಮಗ್ಗುಲು ಕೂಡಿ 900 ಚದರಡಿ. ಬೇಕಾದುದರಲ್ಲಿ ಐದನೆಯ ಒಂದು ಪಾಲು ಹಂಚು ಕಡಿಮೆಯಾಯಿತು. ಸೂರಿನ ಹೊರಚಾಚನ್ನು ಇನ್ನೂ ಹಿಡಿದೇ ಇಲ್ಲ. ಪಾಯಥಾಗೊರಸನ ಪ್ರಮೇಯವನ್ನು ಕಂಠಪಾಠ ಮಾಡಿ ಪರೀಕ್ಷೆಯ ಮರುದಿನ ಮರೆಯುವ ಹುಡುಗಿಯನ್ನು ತನ್ನ ಮನೆಯ ಛಾವಣಿಯನ್ನು ಒಮ್ಮೆ ಅಳೆಯಲು ಹಚ್ಚಿದರೆ ಆಕೆ ಅದನ್ನು ಜನ್ಮದಲ್ಲಿ ಮರೆಯಲಾರಳು. ಬೆಳಗಾವಿಯ ಹುಡುಗಿಯರಿಗೆ ಹಂಚಿನ ಛಾವಣಿ ಈಗ ಅಪರೂಪವಾದರೂ ಬೇರೆ ಸಾಧನಗಳು ಸಾಕಷ್ಟಿವೆ. ಶಹಾಪುರ ವಡಗಾವಿಗಳ ನೇಕಾರರ ಮನೆಗಳಲ್ಲಿ ಎಳೆಗಳ ಪ್ರಮಾಣವಿದೆ. ಉದ್ಯಮಬಾಗದ ಎರಕದ ಕಾರಖಾನೆಗಳಲ್ಲಿ, ಕಾದ ಕಬ್ಬಿಣವು ಆರುವಾಗ ಕುಗ್ಗುವದೆಂದು ಅಚ್ಚಿನ ಮಾದರಿಯನ್ನು ಸುಮಾರು ನೂರಕ್ಕೆ ಒಂದರಷ್ಟು ದೊಡ್ಡದಾಗಿ ಮಾಡುವ ಶೇಕಡಾ ಲೆಕ್ಕವಿದೆ.

'ಗಣಿತವು ಗಂಡಸರ ವಿದ್ಯೆ' ಎಂಬ ಮಾತನ್ನು ಪುರಾತನ ಸಂಪ್ರದಾಯವೆಂಬಂತೆ ಕೆಲವರು ಹೇಳುವದುಂಟು. ನಮ್ಮ ನಾಡಿನ ಗ್ರಂಥಗಳು ಬೇರೆಯದನ್ನೇ ಹೇಳುತ್ತವೆ. ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ'ವನ್ನು ರಚಿಸಿದನು. ಗ್ರಂಥದ ಆರಂಭದಲ್ಲಿಯೇ ಗಣಿತವು ಎಲ್ಲೆಲ್ಲಿ ಬೇಕಾಗುವದೆಂದು ಎಣಿಸುತ್ತ ಆತನು ಸಂಗೀತ, ವೈದ್ಯ, ಮನೆಕಟ್ಟುವ ವಿದ್ಯೆಗಳ ಸಾಲಿನಲ್ಲಿಯೇ ಪಾಕಶಾಸ್ತ್ರವನ್ನೂ ಇಟ್ಟಿದ್ದಾನೆ. ಅಡಿಗೆಮನೆಯನ್ನು ಗಣಿತದಿಂದ ಹೊರಗಿಟ್ಟವರು ಆ ಆಚಾರ್ಯನಲ್ಲ, ನಾವು. ಈ ಗ್ರಂಥವನ್ನು ಇಂಗ್ಲಿಷ್ ಕನ್ನಡ ಅನುವಾದಗಳೊಡನೆ ಸಿದ್ಧಪಡಿಸಿದವರು ಮೈಸೂರು ವಿಶ್ವವಿದ್ಯಾಲಯದ ಗಣಿತ ಪ್ರಾಧ್ಯಾಪಕಿ ಪದ್ಮಾವತಮ್ಮನವರು. ಅದು 2000ದಲ್ಲಿ ಹೊಂಬುಜದಿಂದ ಪ್ರಕಟವಾಯಿತು. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು 'ವ್ಯವಹಾರಗಣಿತ'ವನ್ನು ಕನ್ನಡದಲ್ಲಿಯೇ ಬರೆದನು. ಅದೇ ಶತಮಾನದಲ್ಲಿ, 1150ರಲ್ಲಿ, ಸಹ್ಯಪರ್ವತದ ಮಗ್ಗುಲಿನ ಊರಿನವನೆಂದು ಹೇಳಿಕೊಂಡ ಭಾಸ್ಕರಾಚಾರ್ಯನು ರಚಿಸಿದ ಅಂಕಗಣಿತದ ಹೆಸರು 'ಲೀಲಾವತಿ'. ಆತನು ಲೆಕ್ಕಗಳನ್ನು ಒಬ್ಬ ಬಾಲೆಯನ್ನು ಸಂಬೋಧಿಸಿ ಕೇಳುತ್ತಾನೆ. ಲೀಲಾವತಿಯು ಅವನ ಮಗಳು, ಮುತ್ತೊಂದು ಜಲಗಡಿಯಾರದ ರಂಧ್ರಕ್ಕೆ ಬಿದ್ದು ಆಕೆಯ ಲಗ್ನಮುಹೂರ್ತವು ತಪ್ಪಿಹೋಯಿತೆಂಬ ಕತೆಯು ಅಕಬರನ ಆಸ್ಥಾನದ ಫೈಜಿಯು 1587ರಲ್ಲಿ ಮಾಡಿದ ಪಾರಸೀ ಭಾಷಾಂತರದ ಮುನ್ನುಡಿಯಿಂದ ಹಬ್ಬಿದ್ದು. ಕತೆಯು ಹೇಗೇ ಇರಲಿ, ನೂರಾರು ವರ್ಷ ಗಂಡುಮಕ್ಕಳು ಲೆಕ್ಕ ಕಲಿತ ಪುಸ್ತಕಕ್ಕೆ ಒಂದು ಹೆಣ್ಣಿನ ಹೆಸರಿತ್ತೆಂಬುದು ನಿಜವಷ್ಟೆ.

ಹಾಗಾದರೆ ಹುಡುಗಿಯರು ಗಣಿತಕ್ಕೆ ಅಂಜುವದೇಕೆ? ನಮ್ಮ ಅಭಿಪ್ರಾಯದಲ್ಲಿ ಬುದ್ಧಿಯ ಕೊರತೆಯು ಇದಕ್ಕೆ ಕಾರಣವಲ್ಲ. ಹೆದರಿಕೆಯು ಹೆಚ್ಚಾಗಿ ಹೊರಗಿನಿಂದಲೇ ಬರುವದು. ಈ ವಿಷಯದಲ್ಲಿ ಮರ್ಯಮ್ ಮಿರ್ಜಾಖಾನಿಯವರ ಚರಿತ್ರೆಯನ್ನು ಪಾಲಕರು ತಿಳಿಯುವದು ಒಳ್ಳೆಯದು. ಅವರು 1977ರಲ್ಲಿ ಇರಾಣದ ತೆಹರಾನಿನಲ್ಲಿ ಹುಟ್ಟಿ, ಅಲ್ಲಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಓದಿದರು. ಮಾಧ್ಯಮಿಕ ಶಾಲೆಯ ಮೊದಲ ವರ್ಷ ಗಣಿತದಲ್ಲಿ ಅವರು ಹಿಂದೆ ಬಿದ್ದರು. ಅವರಲ್ಲಿ ವಿಶೇಷ ಶಕ್ತಿಯೇನೂ ಇಲ್ಲವೆಂದು ಶಿಕ್ಷಕಿಯು ಭಾವಿಸಿದ್ದರಿಂದ ಹುಡುಗಿಯ ಧೈರ್ಯವೇ ಉಡುಗಿತು. ಮರುವರ್ಷ ಪ್ರೋತ್ಸಾಹ ಕೊಡುವ ಬೇರೊಬ್ಬ ಶಿಕ್ಷಕಿ ದೊರೆತರು; ಅವರ ಅಭ್ಯಾಸವು ಮೇಲೇರಿತು. ಮುಂದೆ ಅವರೂ ಅವರ ಗೆಳತಿಯೂ ಮುಖ್ಯಾಧ್ಯಾಪಕಿಯ ಬಳಿಗೆ ಹೋಗಿ, ಗಂಡುಮಕ್ಕಳ ಶಾಲೆಯಲ್ಲಿ ನಡೆಯುವಂಥ ಕಠಿಣ ಲೆಕ್ಕಗಳ ವರ್ಗವು ತಮಗೂ ಬೇಕೆಂದು ಕೇಳಿದರು. ಆ ದಿಟ್ಟ ಮುಖ್ಯಾಧ್ಯಾಪಕಿಯು ಹಿಂದಿನ ಪದ್ಧತಿಯನ್ನು ನೋಡುತ್ತ ಕುಳಿತುಕೊಳ್ಳದೆ ಅದನ್ನು ಏರ್ಪಡಿಸಿದರು. ಆ ವಿದ್ಯಾರ್ಥಿನಿಯು 1994 ಮತ್ತು 1995ರ ಅಂತರರಾಷ್ಟ್ರೀಯ ಗಣಿತ ಸ್ಪರ್ಧೆಗಳಲ್ಲಿ ಸುವರ್ಣಪದಕಗಳನ್ನು ಪಡೆದು, 2014ರಲ್ಲಿ ಗಣಿತದ ಅತ್ಯುಚ್ಚ ಪುರಸ್ಕಾರವಾದ ಫೀಲ್ಡ್ಸ್ ಪದಕವನ್ನು ಪಡೆದ ಮೊದಲ ಮಹಿಳೆಯಾದರು. ಆ ಪದಕವನ್ನು 1936ರಿಂದ ಕೊಡುತ್ತ ಬಂದಿದ್ದರೂ ಅಲ್ಲಿಯ ವರೆಗೆ ಯಾವ ಹೆಣ್ಣಿಗೂ ಅದು ಸಂದಿರಲಿಲ್ಲ. ಅವರು 2017ರಲ್ಲಿ ನಾಲ್ವತ್ತರ ಹರೆಯದಲ್ಲಿಯೇ ತೀರಿಕೊಂಡದ್ದು ದುಃಖದ ಸಂಗತಿ. ನಮ್ಮ ಮನಸ್ಸಿಗೆ ನಾಟಿದ್ದು ಪದಕಕ್ಕಿಂತ ಹೆಚ್ಚಾಗಿ ಆ ಮೊದಲ ವರ್ಷ. ಆಗಲೇ ಯಾರಾದರೂ 'ಇವಳಿಗೆ ಲೆಕ್ಕ ಬರುವದಿಲ್ಲ, ಬಿಡಿಸಿಬಿಡೋಣ' ಎಂದಿದ್ದರೆ?

ನಮ್ಮ ನಾಡಿನಲ್ಲಿಯೂ ಇಂಥ ಉದಾಹರಣೆಗೆ ಕೊರತೆಯಿಲ್ಲ. 1922ರಲ್ಲಿ ಹುಟ್ಟಿದ ರಾಜೇಶ್ವರಿ ಚಟರ್ಜಿಯವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತವನ್ನೇ ಮುಖ್ಯವಾಗಿ ಓದಿ ಎಂ.ಎಸ್‌ಸಿ. ಆದವರು. 1943ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿ, 1947ರಲ್ಲಿ ಅಮೇರಿಕೆಯ ಮಿಶಿಗನ್ ವಿಶ್ವವಿದ್ಯಾಲಯಕ್ಕೆ ಹೋಗಿ, ಡಾಕ್ಟರೇಟ್ ಪಡೆದು ಮರಳಿ ಬಂದು ಅದೇ ಸಂಸ್ಥೆಯಲ್ಲಿ ಸೂಕ್ಷ್ಮತರಂಗಗಳ ಶಾಸ್ತ್ರವನ್ನು ಕಲಿಸಿದರು. ಕರ್ನಾಟಕದ ಮೊದಲ ಮಹಿಳಾ ಇಂಜಿನಿಯರರೆಂದು ಅವರನ್ನು ಗೌರವಿಸುತ್ತಾರೆ. ಅವರು ಇಂಜಿನಿಯರಿಂಗ್ ಕಾಲೇಜಿನ ಬಾಗಿಲಿನಿಂದ ಬಂದವರಲ್ಲ. ಗಣಿತವೇ ಅವರಿಗೆ ಆ ಬಾಗಿಲನ್ನು ತೆರೆದದ್ದು.

ಭಾಷೆಯ ಮಾತೂ ಒಂದಿದೆ. ಬೆಳಗಾವಿ ಖಾನಾಪುರಗಳಲ್ಲಿ ಮನೆಯ ಮಾತು ಒಬ್ಬಳಿಗೆ ಕನ್ನಡ, ಒಬ್ಬಳಿಗೆ ಮರಾಠಿ, ಮತ್ತೊಬ್ಬಳಿಗೆ ಉರ್ದು ಇಲ್ಲವೆ ಕೊಂಕಣಿ. ಇತಿಹಾಸದ ವರ್ಗದಲ್ಲಿ ಶಾಲೆಯ ಭಾಷೆಯು ಮನೆಯ ಭಾಷೆಯಾಗಿದ್ದವಳು ಮುಂದೆ, ಉಳಿದವರು ಹಿಂದೆ. ಗಣಿತದ ವರ್ಗದಲ್ಲಿ ಈ ಅಂತರವು ಬಹಳಷ್ಟು ಕಡಿಮೆ. ಬೀಜಗಣಿತ, ತ್ರಿಕೋಣ, ವ್ಯಾಸ, ಪರಿಘ ಎಂಬ ಶಬ್ದಗಳು ಕನ್ನಡ ಮರಾಠಿಗಳೆರಡಕ್ಕೂ ಸೇರಿದವು. ಭೂಮಿತಿಯೆಂಬ ಶಬ್ದವನ್ನಂತೂ ನಮ್ಮ ಕಡೆಯ ಹಳೆಯ ಕನ್ನಡ ಶಾಲೆಗಳೂ ಬಳಸಿದವು. ಹಳ್ಳಿಯಿಂದ ಬಂದು ವರ್ಷವಿಡೀ ಬಾಯಿ ತೆರೆಯಲು ನಾಚುವ ಹುಡುಗಿಯು ಫಲಕದ ಮೇಲೆ ಸಮೀಕರಣವನ್ನು ಬಿಡಿಸಿ ಸುಣ್ಣದಕಡ್ಡಿಯನ್ನು ಕೆಳಗಿಟ್ಟಾಗ, ಆಕೆಯ ಉಚ್ಚಾರವನ್ನು ಯಾರೂ ನಗುವಂತಿಲ್ಲ. ಉತ್ತರವು ಸರಿಯಿದ್ದರೆ ಸರಿ. ಶಾಲೆಯಲ್ಲಿ ಇಷ್ಟು ನಿಷ್ಪಕ್ಷಪಾತವಾದ ವಿಷಯವು ಬೇರೊಂದಿಲ್ಲ. ಶ್ರೀಮಂತರ ಮಗಳಿಗೂ ಹೊರಸಿನ ಮೇಲೆ ಹೊರೆ ಹೊರುವವನ ಮಗಳಿಗೂ ಉತ್ತರವು ಒಂದೇ. ದೊಡ್ಡವರು ಹೇಳಿದರೆಂದು ತಪ್ಪು ಲೆಕ್ಕವು ಸರಿಯಾಗುವದಿಲ್ಲ. 'ಹೀಗೇಕೆ?' ಎಂದು ಶಿಕ್ಷಕಿಯನ್ನೇ ಕೇಳುವ ಅಧಿಕಾರವು ಚಿಕ್ಕ ಹುಡುಗಿಗೆ ದೊರೆಯುವದು ಇಲ್ಲಿಯೇ ಮೊದಲು. ಪ್ರಮೇಯವನ್ನು ಬಾಯಿಪಾಠ ಮಾಡಿಸಿ ಅಂಕ ಕೊಡುವ ಬೋಧನಕ್ರಮವು ಆ ಅಧಿಕಾರವನ್ನೇ ಕಸಿದುಕೊಳ್ಳುವದರಿಂದ ನಾವು ಅದನ್ನು ಒಪ್ಪಲಾರೆವು.

ಪಾಲಕರಿಗೆ ವ್ಯಾವಹಾರಿಕವಾದ ಒಂದೆರಡು ಮಾತು. ಹತ್ತನೆಯ ತರಗತಿಯ ನಂತರ ಗಣಿತವನ್ನು ಬಿಟ್ಟ ಹುಡುಗಿಗೆ ಇಂಜಿನಿಯರಿಂಗಿನ ಪದವಿಯ ದಾರಿಯು ಮುಚ್ಚುವದು. ಲೆಕ್ಕಪತ್ರ, ಸಂಖ್ಯಾಶಾಸ್ತ್ರ, ಅರ್ಥಶಾಸ್ತ್ರಗಳ ಉನ್ನತ ವ್ಯಾಸಂಗವು ಕಠಿಣವಾಗುವದು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು 1998ರಿಂದ ನಮ್ಮ ಬೆಳಗಾವಿಯಲ್ಲಿಯೇ ಇದೆ. ರಾಜ್ಯದ ಮೂಲೆಮೂಲೆಯ ಕಾಲೇಜುಗಳು ಇಲ್ಲಿಯ ಆಜ್ಞೆಯನ್ನು ಕಾಯುತ್ತಿರುವಾಗ ಪಕ್ಕದ ತಾಲೂಕಿನ ಹುಡುಗಿಯರು ಹದಿನಾರನೆಯ ವಯಸ್ಸಿಗೇ ಆ ದಾರಿಗೆ ಬೆನ್ನು ತಿರುಗಿಸುವದು ವಿಪರ್ಯಾಸವೇ ಸರಿ. ಕೇಂದ್ರ ಮಾಧ್ಯಮಿಕ ಮಂಡಲಿಯು 2020ರ ಪರೀಕ್ಷೆಯಿಂದ ಹತ್ತನೆಯ ತರಗತಿಯ ಗಣಿತದಲ್ಲಿ ಸುಲಭವಾದ ಹಾಗೂ ಸಾಮಾನ್ಯವಾದ ಎರಡು ಮಟ್ಟದ ಪ್ರಶ್ನೆಪತ್ರಿಕೆಗಳನ್ನು ಮಾಡಿದೆ. ಇದರ ಉದ್ದೇಶವು ಒಳ್ಳೆಯದೇ. ಆದರೆ ಇಂಥ ಆಯ್ಕೆ ಬಂದಲ್ಲೆಲ್ಲ ಸುಲಭವಾದದ್ದನ್ನು ಹುಡುಗಿಗೆ ಕೊಟ್ಟುಬಿಡುವ ಮೋಹವು ಮನೆಯವರಿಗೆ ಬರಬಾರದೆಂದು ನಮ್ಮ ಕಳಕಳಿ. ಹುಡುಗಿಯು ತಾನೇ ವಿಚಾರಿಸಿ ಆರಿಸಿಕೊಳ್ಳಲಿ. ತಾಯಂದಿರು 'ನನಗೂ ಲೆಕ್ಕ ಬರುತ್ತಿರಲಿಲ್ಲ' ಎಂದು ಮಗಳೆದುರಿಗೆ ನಗುತ್ತ ಹೇಳುವ ರೂಢಿಯನ್ನೂ ಬಿಡಬೇಕು. ವಾರದ ಸಂತೆಯ ಹಣವನ್ನು ಪೈಸೆ ಬಿಡದೆ ಹೊಂದಿಸುವ ಆ ತಾಯಿಗೆ ಲೆಕ್ಕ ಬರುವದಿಲ್ಲವೆಂದರೆ ನಂಬುವವರಾರು? ಮಗಳು ಲೆಕ್ಕ ಮಾಡುವಾಗ ಉತ್ತರ ಸರಿಯೋ ತಪ್ಪೋ ಎಂದು ಕೇಳುವ ಬದಲು 'ಹೆಂಗ ಮಾಡಿದಿ, ನನಗ ಹೇಳು' ಎಂದರೆ ಸಾಕು. ಓದು ಬಾರದ ಅಜ್ಜಿಯೂ ಇಷ್ಟನ್ನು ಮಾಡಬಲ್ಲಳು.

ರಜೆಯ ದಿನಗಳಲ್ಲಿ ಮನೆಮಂದಿಯೆಲ್ಲ ಕೂಡಿ ಆಡಲು ಬರುವ ಒಂದು ಚಮತ್ಕಾರವನ್ನು ಇಲ್ಲಿ ಕೊಡುತ್ತೇವೆ. ಇದನ್ನು ಕಂಡುಹಿಡಿದ ದ. ರಾ. ಕಾಪ್ರೇಕರರು ನಾಸಿಕದ ಬಳಿಯ ದೇವಳಾಲಿಯಲ್ಲಿ ಶಾಲಾಶಿಕ್ಷಕರಾಗಿದ್ದವರು. 1949ರಲ್ಲಿ ಅವರು ಇದನ್ನು ಜನರ ಮುಂದಿಟ್ಟಾಗ ಬೆಳಗಾವಿಯೂ ಅವರ ಊರೂ ಒಂದೇ ಮುಂಬಯಿ ಪ್ರಾಂತದಲ್ಲಿದ್ದವು. ನಾಲ್ಕು ಅಂಕೆಗಳ ಒಂದು ಸಂಖ್ಯೆಯನ್ನು ತೆಗೆದುಕೊಳ್ಳಿರಿ. ನಾಲ್ಕೂ ಅಂಕೆಗಳು ಒಂದೇ ಆಗಿರಬಾರದು. ಅಂಕೆಗಳನ್ನು ಇಳಿಕೆಯ ಕ್ರಮದಲ್ಲಿ ಬರೆದು, ಅದರಿಂದ ಏರಿಕೆಯ ಕ್ರಮದ ಸಂಖ್ಯೆಯನ್ನು ಕಳೆಯಿರಿ. ಬಂದ ಸಂಖ್ಯೆಗೆ ಪುನಃ ಹಾಗೆಯೇ ಮಾಡಿರಿ. ಕನ್ನಡ ನಾಡು ಒಂದಾದ 1956ನ್ನು ಹಿಡಿದರೆ, 9651ರಿಂದ 1569 ಕಳೆದು 8082. 8820ರಿಂದ 0288 ಕಳೆದು 8532. 8532ರಿಂದ 2358 ಕಳೆದು 6174. ಇನ್ನು ಎಷ್ಟು ಸಾರಿ ಮಾಡಿದರೂ 6174 ಬಿಟ್ಟು ಕದಲದು. ಯಾವ ಸಂಖ್ಯೆಯಿಂದ ಹೊರಟರೂ ಏಳು ಹೆಜ್ಜೆಗಳೊಳಗೆ ಇಲ್ಲಿಗೇ ಬಂದು ನಿಲ್ಲುವದು. ಕಾಗದವನ್ನು ಮಗಳ ಕೈಗೆ ಕೊಟ್ಟು, ಅವಳು ಹುಟ್ಟಿದ ಇಸವಿಯಿಂದ ಆರಂಭಿಸಲು ಹೇಳಿರಿ. ಮೂರಂಕೆಯ ಸಂಖ್ಯೆಗಳಲ್ಲಿಯೂ ಹೀಗೆಯೇ ಆಗುವದೋ ಎಂದು ಅವಳು ತಾನಾಗಿ ಕೇಳುವ ವರೆಗೆ ಮುಂದಿನದನ್ನು ಹೇಳಬೇಡಿರಿ.